ಬೇಲಿಗೆ ಮದ್ದು ಹೊಡೆಸಿದ್ದಾನಂತೆ

ಊರಿನಿಂದ ಚಿಕ್ಕಪ್ಪನ ಮಗ ಏಪ್ರಿಲ್‌ನಲ್ಲಿ ಒಂದು ಫೋಟೋ ಕಳಿಸಿದ್ದ. ತೋಟದ ಬೇಲಿ ಉದ್ದಕ್ಕೂ ಬರೀ ಕಂದು. ‘ಲಂಟಾನಕ್ಕೆ ಮದ್ದು ಹೊಡೆಸಿದೆ ಅಣ್ಣ, ಫುಲ್ ಕ್ಲೀನ್!’ ಹೌದು, ಜೊತೆಗೆ ತುಂಬೆ, ಗರಿಕೆ, ಒಂದೆಲಗವೂ ಕ್ಲೀನ್. ನನಗೆ ಹೊಟ್ಟೆ ಉರಿಯಿತು.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿನ ಪೀಡೆ ಜಪಾನೀಸ್ ನಾಟ್‌ವೀಡ್ ಎಂಬ ಕಳೆಗಿಡ. ನಮ್ಮ ಲಂಟಾನದಂತೆ ಇದನ್ನೂ 19ನೇ ಶತಮಾನದಲ್ಲಿ ಚೆಂದಕ್ಕೆಂದೇ ತಂದು ನೆಟ್ಟರು. ಹಳ್ಳದ ದಂಡೆಯಲ್ಲಿ ಒಬ್ಬಾತ ಅದಕ್ಕೆ ಮದ್ದು ಹಾಕುವುದನ್ನು ನಿಂತು ನೋಡಿದ್ದೇನೆ. ಊರಲ್ಲಿ ಹೊಡೆಯುವ ಅದೇ ಕಳೆನಾಶಕ ಗ್ಲೈಫೋಸೇಟ್, ಬೇರೇನಲ್ಲ. ಆದರೆ ಬೆನ್ನ ಮೇಲೆ ಟ್ಯಾಂಕ್ ಇಲ್ಲ. ಕೈಯಲ್ಲಿ ದನದ ಡಾಕ್ಟರು ಹಿಡಿಯುವಂಥ ಇಂಜೆಕ್ಷನ್. ಒಂದೊಂದೇ ದಂಟಿನ ಬುಡಕ್ಕೆ ಚುಚ್ಚಿ ಕೆಲವೇ ಮಿಲಿಲೀಟರ್ ಬಿಡುತ್ತಿದ್ದ. ಪಕ್ಕದ ಹುಲ್ಲು ಹಸಿರಾಗೇ ಇತ್ತು. ನೀರಿನ ಹತ್ತಿರ ಕಳೆನಾಶಕ ಬಳಸಲು ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ಒಪ್ಪಿಗೆ ಬೇಕು. ಕೆಲಸದವನಿಗೆ ತರಬೇತಿಯ ಸರ್ಟಿಫಿಕೇಟೂ ಬೇಕು. ಕಾಲ ನೋಡುವುದೂ ಸುಮ್ನೆ ಅಲ್ಲ. ಇಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ ಗಿಡ ತನ್ನ ಆಹಾರವನ್ನು ಬೇರಿಗೆ ಇಳಿಸುತ್ತದೆ. ಮದ್ದೂ ಅದರ ಜೊತೆಗೇ ಇಳಿಯುತ್ತದೆ.

ನಮ್ಮವರೋ, ಎಲೆ ಮೇಲೆ ಧೂಳು ಕೂತು ಗಿಡ ಬಾಡಿರುವಾಗಲೇ ಹೊಡೆಯುತ್ತಾರೆ. ಬಾಡಿದ ಗಿಡ ಮದ್ದನ್ನು ಬೇರಿನವರೆಗೆ ಸರಿಯಾಗಿ ಒಯ್ಯುವುದೇ ಇಲ್ಲ. ಕೆರೆಯ ಕೆಸರು ನೀರಲ್ಲಿ ಕಲಸಿದರಂತೂ ಗ್ಲೈಫೋಸೇಟ್ ಮಣ್ಣಿಗೆ ಅಂಟಿಕೊಂಡು ಕಸುವು ಕಳೆದುಕೊಳ್ಳುತ್ತದೆ. ಆಗ ‘ಪವರ್ ಸಾಲಲ್ಲ’ ಅಂತ ಇನ್ನೊಂದು ಮುಚ್ಚಳ ಜಾಸ್ತಿ! ಮಳೆ ಬಿದ್ದ ಮೇಲೆ ಲಂಟಾನ ಬುಡದಿಂದ ಚಿಗುರುತ್ತದೆ. ಬೋಳಾದ ಜಾಗಕ್ಕೆ ಕಾಂಗ್ರೆಸ್ ಗಿಡ ಬಂದು ಕೂರುತ್ತದೆ. ಲಂಟಾನವನ್ನು ಕಡಿದು, ಹಸಿ ಮೋಟಿಗೆ ಆಗಲೇ ಬ್ರಷ್‌ನಲ್ಲಿ ಮದ್ದು ಸವರಿದರೆ ಸಾಕು, ಅಕ್ಕಪಕ್ಕದ ಗಿಡ ಉಳಿಯುತ್ತದೆ. ಇದನ್ನು ಫೋನಿನಲ್ಲಿ ಹೇಳಿದೆ. ‘ಅಷ್ಟು ಪುರುಸೊತ್ತು ಯಾರಿಗಿದೆ ಅಣ್ಣ’ ಎಂದ.

ಇಲ್ಲಿಯವರ ತಾಳ್ಮೆ ಬರೀ ಹಸಿರಿನ ಮೇಲಿನ ಪ್ರೀತಿಯಲ್ಲ, ಅದನ್ನೂ ಹೇಳಿಬಿಡಬೇಕು. ನಾಟ್‌ವೀಡ್ ಇರುವ ಮನೆ ಮಾರುವಾಗ ಅದನ್ನು ಮುಚ್ಚಿಡುವಂತಿಲ್ಲ. ಸಾಲ ಕೊಡುವ ಬ್ಯಾಂಕೂ ಹಿಂದೆಮುಂದೆ ನೋಡುತ್ತದೆ. ಇಷ್ಟೆಲ್ಲ ಮಾಡಿದರೂ ಮದ್ದು ಹಾಕುವವನು ವರ್ಷಗಟ್ಟಲೆ ಮತ್ತೆ ಮತ್ತೆ ಬರಬೇಕು. ಲಂಟಾನಕ್ಕಾದರೆ ಮದ್ದೇ ಬೇಕೆಂದಿಲ್ಲ. ಬುಡದ ಗಂಟಿನ ಕೆಳಗೆ ಬೇರು ಕಡಿದು, ಗಿಡವನ್ನು ತಲೆಕೆಳಗಾಗಿಟ್ಟು ಒಣಗಿಸಿದರೆ ಅದು ಮತ್ತೆ ಚಿಗುರುವುದಿಲ್ಲ. ಇಂಥ ಸವಲತ್ತು ನಾಟ್‌ವೀಡ್‌ನಲ್ಲಿ ಇಲ್ಲ, ಅದರ ಬೇರಿನ ಚೂರು ಉಳಿದರೂ ಗಿಡವಾಗುತ್ತದೆ. ಆದರೆ ಗುದ್ದಲಿ ಹಿಡಿಯಲು ಆಳು ಸಿಗಲ್ಲ ಅಂತಾನೆ ನಮ್ಮ ಹುಡುಗ. ಟ್ಯಾಂಕ್ ಹೊರುವವರು ಮಾತ್ರ ಸಿಗ್ತಾರೆ, ಅದೂ ಗ್ಲೌಸ್ ಇಲ್ಲದೆ, ಗಾಳಿಗೆ ಎದುರಾಗಿ.