ಪ್ಲಾಟಿನಂ ಅಂದರೆ 10 ಲಕ್ಷ ಜನ ಕೊಂಡರು ಅಂತಲ್ಲ

"ಅಮೆರಿಕದಲ್ಲಿ ಆಲ್ಬಂ ಪ್ಲಾಟಿನಂ ಆದರೆ 10 ಲಕ್ಷ ಜನ ದುಡ್ಡು ಕೊಟ್ಟು ಕೊಂಡಿದ್ದಾರೆ ಅಂತ ಅರ್ಥ. ಲೆಕ್ಕ ಹಾಕುವುದು ಆರ್‌ಐಎಎ ಎಂಬ ಸರ್ಕಾರಿ ಸಂಸ್ಥೆ" ಎಂಬ ಸಂದೇಶ ಹರಿದಾಡುತ್ತಿದೆ. ನಾನೂ ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಆರ್‌ಐಎಎ ಸರ್ಕಾರದ್ದಲ್ಲ. 1952ರಲ್ಲಿ ರೆಕಾರ್ಡ್ ಕಂಪನಿಗಳೇ ಕಟ್ಟಿಕೊಂಡ ಸಂಘ. ಗೋಲ್ಡ್, ಪ್ಲಾಟಿನಂ ಅಂದರೆ ಹೆಚ್ಚು ಮಾರಾಟವಾದ ಹಾಡು, ಆಲ್ಬಂಗಳಿಗೆ ಈ ಸಂಘ ಕೊಡುವ ಮನ್ನಣೆ. ಅದು ತಾನಾಗಿ ಬರುವುದಿಲ್ಲ. ಕಂಪನಿ ಕೇಳಿಕೊಳ್ಳಬೇಕು, ಶುಲ್ಕ ಕಟ್ಟಬೇಕು, ಆಮೇಲೆ ಹೊರಗಿನ ಲೆಕ್ಕಪರಿಶೋಧಕರು ನೋಡುತ್ತಾರೆ. ಕೇಳದೇ ಹೋದರೆ ಎಷ್ಟು ಮಾರಾಟವಾದರೂ ಮನ್ನಣೆ ಇಲ್ಲ. ನನಗೆ ಇದೇ ಜಾಸ್ತಿ ಆಶ್ಚರ್ಯ ತಂದದ್ದು.

ಇನ್ನು ಆ 10 ಲಕ್ಷ. ಅದು ಜನರ ಲೆಕ್ಕವಲ್ಲ, ಯೂನಿಟ್‌ಗಳ ಲೆಕ್ಕ. ಯೂನಿಟ್ ಅಂದರೆ ಮಾರಾಟವಾದ ಒಂದು ಆಲ್ಬಂ, ಇಲ್ಲವೇ ಅದಕ್ಕೆ ಸಮ ಅಂತ ಎಣಿಸುವಷ್ಟು ಸ್ಟ್ರೀಮ್. ಸಂಘದ ನಿಯಮದಲ್ಲೇ ಇದೆ: 2016ರಿಂದ ಆಲ್ಬಂಗೆ ಸ್ಟ್ರೀಮಿಂಗೂ ಸೇರುತ್ತದೆ, 1,500 ಸ್ಟ್ರೀಮ್‌ಗೆ ಒಂದು ಯೂನಿಟ್. 10 ಹಾಡಿನ ಆಲ್ಬಂ ಒಟ್ಟು 150 ಸಲ ಪೂರ್ತಿ ಓಡಿದರೆ ಒಂದು ಯೂನಿಟ್ ಆಯ್ತು. ಯಾರೂ ಏನೂ ಕೊಂಡಿರಬೇಕಿಲ್ಲ, ಅಲ್ವಾ?

ಗಾಯಕರಿಗೆ ರಾಯಲ್ಟಿ ಹಂಚುವುದೂ ಇದೇ ಸಂಘ ಅಂತ ಅದೇ ಸಂದೇಶದಲ್ಲಿದೆ. ಅದೂ ಸರಿಯಲ್ಲ. ಅಲ್ಲಿ ಡಿಜಿಟಲ್ ರೇಡಿಯೊದ ರಾಯಲ್ಟಿ ಹಂಚುವುದು ಸೌಂಡ್‌ಎಕ್ಸ್‌ಚೇಂಜ್ ಎಂಬ ಬೇರೆ ಸಂಸ್ಥೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ನನ್ನಿಂದ ಪಡೆದವರು ಅಳಿಸಿಬಿಡಿ.