ನಾನು ಒರೆಸುವ ಬಟ್ಟೆಯಾದ ಪ್ರಸಂಗ

ಸಂಜೆ ಮನೆಗೆ ಹೊರಡುವ ಮುನ್ನ ಅವರವರ ಮೇಜನ್ನು ಅವರವರೇ ಒರೆಸಬೇಕೆಂದು ನಿನ್ನೆ ನಮ್ಮ ಕಚೇರಿಯಲ್ಲಿ ಹೊಸ ನಿಯಮ ಹೊರಟಿತು. ಇದರಲ್ಲೇನು ಹೊಸತು, ನನಗೆ ಮೊದಲಿನಿಂದಲೂ ರೂಢಿ ಎಂದು ತೋರಿಸಿಕೊಳ್ಳುವ ಚಪಲ ನನಗೆ. ತುಂಬಿದ ಸಭೆಯಲ್ಲಿ ಎದ್ದು ನಿಂತು ‘ಐ ಆಮ್ ಯೂಸ್ಡ್ ಟು ಕ್ಲೀನ್ ದ ಟೇಬಲ್’ ಎಂದುಬಿಟ್ಟೆ.

ಪಕ್ಕದ ಕುರ್ಚಿಯ ಹಿರಿಯ ಸಹೋದ್ಯೋಗಿ ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚಿದರೆಂದರೆ ಇನ್ನು ತೋರುಬೆರಳು ಮೇಲೇಳುತ್ತದೆಂದೇ ಅರ್ಥ. ಯಾರಾದರೂ ಇಂಗ್ಲಿಷಿನಲ್ಲಿ ಎಡವಿದರೆ ಸಾಕು, ನಾಡಿ ಹಿಡಿದ ವೈದ್ಯರಂತೆ ಅರೆಗಳಿಗೆ ಮೌನ, ಆಮೇಲೆ ಬೆರಳು, ಆಮೇಲೆ ತೀರ್ಪು. ಹೋದ ತಿಂಗಳು ಬೆಂಕಿ ಅವಘಡದ ಅಣಕು ಕವಾಯತು ನಡೆದಾಗ ‘ಫಾಸ್ಟ್‌ಲಿ ಇಳಿಯಿರಿ’ ಎಂದು ಕೂಗಿದವನನ್ನು ಮೆಟ್ಟಿಲ ಮೇಲೇ ತಡೆದು, ಅಂಥ ಪದವೇ ಇಲ್ಲವೆಂದು ವಿವರಿಸಿದ್ದರು. ನಿಜವಾದ ಬೆಂಕಿಯಾಗಿದ್ದರೆ ಹಿಂದಿದ್ದ ನಾವೆಲ್ಲ ವ್ಯಾಕರಣಶುದ್ಧವಾಗಿ ಬೂದಿಯಾಗಿರುತ್ತಿದ್ದೆವು.

‘ಕ್ಲೀನಿಂಗ್ ಅನ್ನಬೇಕಿತ್ತು’ ಎಂದರು. ‘ನೀವು ಹೇಳಿದ್ದರ ಅರ್ಥ, ಮೇಜು ಒರೆಸಲು ನಿಮ್ಮನ್ನು ಬಳಸುತ್ತಾರೆ ಅಂತ. ಈಗ ನೀವು ಬಟ್ಟೆ.’

ಸಭೆ ನಕ್ಕಿತು. ಮಧ್ಯಾಹ್ನ ಒಬ್ಬರು ‘ಒಣಗಿದಿರಾ?’ ಎಂದು ವಿಚಾರಿಸಿದರು. ಸಂಜೆ ಇನ್ನೊಬ್ಬರು ನನ್ನ ಎರಡೂ ಕೈ ಹಿಡಿದು ಹಿಂಡಿದರು.

‘ಆಮ್’ ಬಿಟ್ಟು ಹೇಳಿದ್ದರೆ ಸರಿಯಾಗುತ್ತಿತ್ತೇ ಎಂದು ಆ ಹಿರಿಯರನ್ನೇ ಕೇಳಿದೆ. ‘ಆಗ ಹಿಂದೆ ಒರೆಸುತ್ತಿದ್ದಿರಿ, ಈಗ ಬಿಟ್ಟಿದ್ದೀರಿ ಅಂತ ಆಗುತ್ತದೆ’ ಎಂದರು. ಅಂದರೆ ‘ಆಮ್’ ಇದ್ದರೆ ಬಟ್ಟೆ, ಇಲ್ಲದಿದ್ದರೆ ಸೋಮಾರಿ! ರೂಢಿಯಾಗುತ್ತಿದೆ ಎನ್ನುವುದಕ್ಕೆ ‘ಗೆಟಿಂಗ್’ ಬೇರೆ ಬೇಕಂತೆ. ‘ಡಿಡ್’ ಬಂದರೆ ಯೂಸ್ಡ್‌ನ ಬಾಲ ಉದುರಿ ಬರಿಯ ‘ಯೂಸ್’ ಉಳಿಯಬೇಕಂತೆ. ಕನ್ನಡದಲ್ಲಿ ನಾನು ಸುಮ್ಮನೆ ಕುಳಿತಿದ್ದರೂ ರೂಢಿ ತಾನಾಗಿ ‘ನನಗೆ’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಟು’ ಹಿಡಿದುಕೊಂಡು ನಾನೇ ಅದರ ಬೆನ್ನು ಹತ್ತಬೇಕು.

ಇಂದು ಬೆಳಿಗ್ಗೆ ಅವರು ಒಂದು ಹಾಳೆ ಮುಂದಿಟ್ಟು, ಹಿಂದೆ ಇದ್ದು ಈಗ ಇಲ್ಲದ ರೂಢಿಯ ಬಗ್ಗೆ ಒಂದು ವಾಕ್ಯ ಬರೆಯಿರಿ ಎಂದರು. ಸಿಟ್ಟಿನಲ್ಲಿಯೇ ಪೆನ್ನು ಹಿಡಿದೆ. ‘ಮೈ ಫಾದರ್ ಯೂಸ್ಡ್ ಟು ಕಾಲ್ ಮಿ ಎವೆರಿ ನೈಟ್’ ಎಂದು ಬಂತು. ಹೇಳುವಂಥ ವಿಷಯವೇನೂ ಅಪ್ಪನ ಬಳಿ ಇರುತ್ತಿರಲಿಲ್ಲ. ‘ಮಲಗಿದೆಯಾ?’ ಎಂದು ಕೇಳಿ, ಫೋನು ಎತ್ತಿದವನು ಮಲಗಿಲ್ಲವೆಂದು ಖಾತ್ರಿಯಾದ ಮೇಲೆ ಇಟ್ಟುಬಿಡುತ್ತಿದ್ದರು. ಎಷ್ಟು ಸಲ ರೇಗಿದ್ದೆನೋ. ಈಗಲೂ ಆ ಹೊತ್ತಿಗೆ ಕೈ ಮೊಬೈಲಿನತ್ತ ಹೋಗುತ್ತದೆ.

ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿದರು. ಬೆರಳು ಏಳಲಿಲ್ಲ. ಬಹಳ ಹೊತ್ತು ಏಳಲಿಲ್ಲ. ಮನುಷ್ಯ ಒಳ್ಳೆಯವರೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಎದ್ದಿತು.

‘ವಾಕ್ಯ ಸರಿಯಿದೆ’ ಎಂದರು ಮೆಲ್ಲಗೆ. ‘ಆದರೆ ಅದು ಯೂಸ್ಡ್ ಅಲ್ಲ, ಯೂಸ್ಟ್. ಡಕಾರ ಕೇಳಿಸಬಾರದು.’