ಸಂಡೂರು ಅಂದರೆ ಗಣಿ ಮಾತ್ರ ಅಲ್ಲ

ಹಳೆಯ ಸಂಸ್ಥಾನಗಳ ಕುರಿತ ನಿಮ್ಮ ಲೇಖನದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ಸಂಸ್ಥಾನಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ಅದೂ ಅದಿರಿನ ಬಗ್ಗೆ. ಇದು ಬೇಜಾರಾಯಿತು ಸರ್. ಘೋರ್ಪಡೆ ಮನೆತನದ ಈ ಪುಟ್ಟ ರಾಜ್ಯ ಬೆಟ್ಟಗಳ ನಡುವಿನ ಒಂದು ಕಣಿವೆಯಷ್ಟೇ, ಸುಮಾರು 430 ಚದರ ಕಿಲೋಮೀಟರ್. ಆದರೆ ಅದರ ಕಥೆ ಸಣ್ಣದಲ್ಲ.

1817ರಲ್ಲಿ ಮರಾಠರ ಪ್ರಧಾನಿ ಪೇಶ್ವೆ ಕೇಳಿದ ಅಂತ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಸಂಡೂರಿನ ಮೇಲೆ ದಂಡು ತಂದ. ಆಗಿನ ರಾಜ ಶಿವರಾವ್ ಘೋರ್ಪಡೆ ಯುದ್ಧ ಮಾಡದೆ ಕೋಟೆ ಬಿಟ್ಟುಕೊಟ್ಟರು. ಮರುವರ್ಷ ಪೇಶ್ವೆಯೇ ಅಧಿಕಾರ ಕಳೆದುಕೊಂಡ, ಸಂಡೂರು ಮತ್ತೆ ಶಿವರಾವ್ ಕೈಗೆ ಬಂತು! ಆಮೇಲೆ ಬ್ರಿಟಿಷರು ತಂಪು ಹವೆಗಾಗಿ ರಾಮಘಡದ ಬೆಟ್ಟದ ಮೇಲೆ ತಮ್ಮ ಸೈನಿಕರಿಗೆ ಆರೋಗ್ಯಧಾಮ ಕಟ್ಟಿಕೊಂಡರು.

ನನಗೆ ಎಲ್ಲಕ್ಕಿಂತ ಜಾಸ್ತಿ ಹೆಮ್ಮೆ 1932ರ ಬಗ್ಗೆ. ಆಗಿನ ರಾಜ ಯಶವಂತರಾವ್ ಘೋರ್ಪಡೆ ದಲಿತರಿಗೆ ಕುಮಾರಸ್ವಾಮಿ ದೇವಸ್ಥಾನದ ಬಾಗಿಲು ತೆರೆಸಿದರು. ಸುಮ್ನೆ ಮಾತಲ್ಲ ಇದು. ತಿರುವಾಂಕೂರಿನ ಹೆಸರಾಂತ ದೇವಾಲಯ ಪ್ರವೇಶ ಘೋಷಣೆ ಬಂದದ್ದು 1936ರಲ್ಲಿ. ಗಾಂಧೀಜಿ ಕೂಡ ಸಂಡೂರಿನ ಈ ಹೆಜ್ಜೆಯನ್ನು ಮೆಚ್ಚಿದ್ದರು, 1934ರಲ್ಲಿ ಇಲ್ಲಿಗೆ ಬಂದೂ ಇದ್ದರು. ಶಾಲೆಯ ಪುಸ್ತಕದಲ್ಲಿ ಇರಬೇಕಾದ ವಿಷಯ, ಅಲ್ವಾ?

ಇನ್ನೊಂದು ವಿಷಯ. ಸಂಸ್ಥಾನ ನೇರವಾಗಿ ಮೈಸೂರಿಗೆ ಸೇರಲಿಲ್ಲ. 1949ರಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. ಮೈಸೂರಿಗೆ ಬಂದದ್ದು 1953ರಲ್ಲಿ, ಬಳ್ಳಾರಿಯ ಜೊತೆಗೆ. ಮುಂದಿನ ಭಾಗದಲ್ಲಿ ದಯವಿಟ್ಟು ಇದನ್ನೆಲ್ಲ ಬರೆಯಿರಿ.